ತವರಿನಲ್ಲಿ ಪಾಲು ಕೇಳಿದ ತಂಗಿಗೆ ದೈವ ಮುನಿಯುತ್ತದೆಯೇ?

ಕಾಪುವಿನ ಮಗಳು

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರ ವರ್ಷಾಂತಿಕ ಮುಗಿಯಿತು. ತಾಯಿ ಅದಕ್ಕೂ ಮೊದಲೇ ಹೋದವರು. ತಂದೆ ಮುಂಬಯಿಯ ಹೋಟೆಲಿನಲ್ಲಿ ದುಡಿದು ಊರಿನಲ್ಲಿ ಕೊಂಡ ತೆಂಗಿನ ತೋಟ, ಅದರೊಳಗೆ ಕಟ್ಟಿಸಿದ ಮನೆ ಇದೆ. ಉಯಿಲು ಬರೆದಿಟ್ಟಿಲ್ಲ. ನಾವು ಮೂವರು ಮಕ್ಕಳು: ಅಣ್ಣ, ನಾನು, ನನ್ನ ತಂಗಿ. ಹೆಣ್ಣುಮಕ್ಕಳಿಬ್ಬರಿಗೂ ಮದುವೆಯಾಗಿದೆ.

ಹಕ್ಕು ಬಿಡುಗಡೆ ಪತ್ರ ಸಿದ್ಧವಾಗಿದೆ, ಬಂದು ಸಹಿ ಹಾಕಿ ಹೋಗಿ ಎಂದು ಅಣ್ಣ ಹೇಳಿದ್ದಾನೆ. ಸ್ವಲ್ಪ ಸಮಯ ಬೇಕು ಎಂದೆ. ಅಷ್ಟಕ್ಕೇ ಕುಟುಂಬದ ಹಿರಿಯರೊಬ್ಬರು ಫೋನ್ ಮಾಡಿ, "ಕೊಟ್ಟ ಹೆಣ್ಣು ತವರಿನಲ್ಲಿ ಪಾಲು ಕೇಳುವುದು ಧರ್ಮದಲ್ಲಿಲ್ಲ. ಮನೆಯ ದೈವ ಅದನ್ನು ಸಹಿಸುವುದಿಲ್ಲ. ನಾಳೆ ನಿನ್ನ ಮಕ್ಕಳಿಗೆ ಏನಾದರೂ ಆದರೆ ನಮ್ಮ ಹತ್ತಿರ ಬರಬೇಡ" ಎಂದರು. ಆ ಮಾತು ಎದೆಯಲ್ಲಿ ಉಳಿದುಬಿಟ್ಟಿದೆ.

ಅಣ್ಣ ಕೆಟ್ಟವನಲ್ಲ. ತಂದೆ ಹಾಸಿಗೆ ಹಿಡಿದಾಗ ಅವನೂ ಅತ್ತಿಗೆಯೂ ಚೆನ್ನಾಗಿ ನೋಡಿಕೊಂಡರು. ಕಾನೂನನ್ನು ವಕೀಲರಿಂದ ತಿಳಿಯಬಹುದು. ನನಗೆ ತಿಳಿಯಬೇಕಾದದ್ದು ಬೇರೆ. ಅಣ್ಣತಂಗಿಯರ ನಡುವೆ ಏನಿರಬೇಕು ಎಂದು ನಮ್ಮ ಪಾಡ್ದನಗಳು (ತುಳುವಿನ ಹಾಡುಗಥೆಗಳು), ಶಾಸ್ತ್ರಗಳು, ಈ ಊರಿನಲ್ಲಿರುವ ಬೇರೆ ಧರ್ಮಗಳು ನಿಜವಾಗಿ ಏನು ಹೇಳುತ್ತವೆ? ಪಾಲು ಕೇಳುವುದು ಪಾಪವೇ? ಹೆದರಿಸುವ ಮಾತು ಬೇಡ, ಬರಿಯ ಸಮಾಧಾನವೂ ಬೇಡ. ತಿಳಿದವರು ತಿಳಿದದ್ದನ್ನು ಹೇಳಿ. ನಮ್ಮ ಮನೆಯಲ್ಲಿ ನಂಬಿಕೊಂಡು ಬಂದಿರುವುದು ಕಲ್ಲುರ್ಟಿ-ಕಲ್ಕುಡರನ್ನು.

ಬಾರ್ಕೂರಿನ ಮಾಸ್ಟ್ರು

ತಂಗಿ, ನಿಮ್ಮ ಕೊನೆಯ ವಾಕ್ಯ ಓದಿ ಬರೆಯದೆ ಇರಲಾಗಲಿಲ್ಲ. ಕಲ್ಲುರ್ಟಿ-ಕಲ್ಕುಡರನ್ನು ನಂಬಿದ ಮನೆಯಲ್ಲಿ ಈ ಮಾತು ಹೇಗೆ ಬಂತು? ಆ ಎರಡು ದೈವಗಳು ಅಣ್ಣತಂಗಿಯರಲ್ಲವೇ?

ಪಾಡ್ದನ ನಿಮಗೂ ಗೊತ್ತಿರಬಹುದು. ಶಿಲ್ಪಿ ಬೀರು ಕಲ್ಕುಡ ಕಾರ್ಕಳದಲ್ಲಿ ಗೊಮ್ಮಟನನ್ನು ಕಡೆದು ನಿಲ್ಲಿಸುತ್ತಾನೆ. ಇಂಥ ಕೆಲಸ ಇನ್ನೊಂದು ಊರಿನಲ್ಲಿ ಆಗಬಾರದು ಎಂದು ಅರಸು ಅವನ ಎಡಗೈ, ಬಲಗಾಲು ಕಡಿಸುತ್ತಾನೆ. ಅವನು ಅದೇ ಸ್ಥಿತಿಯಲ್ಲಿ ವೇಣೂರಿಗೆ ಹೋಗಿ ಅಲ್ಲಿಯೂ ಒಂದು ಗೊಮ್ಮಟನನ್ನು ಕಡೆಯುತ್ತಾನೆ. ಅಣ್ಣ ಮನೆಗೆ ಬರಲಿಲ್ಲವೆಂದು ಹುಡುಕಿಕೊಂಡು ಹೊರಟವಳು ತಂಗಿ ಕಲ್ಲುರ್ಟಿ. ಅಣ್ಣನ ಮೈ ನೋಡಿದ ಮೇಲೆ ಅವಳು ಮನೆಗೆ ಮರಳಲಿಲ್ಲ. ಇಬ್ಬರೂ ಮಾಯವಾಗಿ ದೈವಗಳಾದರು. ಅರಮನೆಗೆ ಬೆಂಕಿಯಿಟ್ಟು ಅರಸನನ್ನು ಕಾಡಿ ನ್ಯಾಯ ಕೇಳುವುದರಲ್ಲಿ ಮುಂದೆ ನಿಂತವಳು ಅವಳೇ. ಇಂದಿಗೂ ತುಳುನಾಡಿನ ಎಷ್ಟೋ ಮನೆಗಳಲ್ಲಿ ಈ ಇಬ್ಬರನ್ನು ಜೊತೆಯಾಗಿಯೇ ನಂಬುತ್ತಾರೆ. ಕಲ್ಲುರ್ಟಿಯ ಕ್ಷೇತ್ರವಾದ ಪಣೋಲಿಬೈಲಿನಲ್ಲಿ ಅಗೆಲು ಸೇವೆಗೆ (ದೈವಕ್ಕೆ ಅಡುಗೆ ಬಡಿಸುವ ಹರಕೆಗೆ) ಸಾಲು ನಿಲ್ಲುವ ಜನ ಬರುವುದು ಆ ತಂಗಿಯ ಹತ್ತಿರ ನ್ಯಾಯ ಹೇಳಿಕೊಳ್ಳಲು. ಒಡಹುಟ್ಟಿದವನಿಗೆ ಅನ್ಯಾಯವಾದಾಗ ಅರಸೊತ್ತಿಗೆಯನ್ನೇ ಎದುರಿಸಿದ ದೈವವನ್ನು ಒಬ್ಬ ತಂಗಿಯ ಬಾಯಿ ಮುಚ್ಚಿಸಲು ಬಳಸುವುದನ್ನು ನಾನು ಒಪ್ಪಲಾರೆ.

ಎರಡನೆಯದು, "ಧರ್ಮದಲ್ಲಿಲ್ಲ" ಎಂಬ ಮಾತು. ಯಾರ ಧರ್ಮದಲ್ಲಿಲ್ಲ? ಬಂಟರು, ಬಿಲ್ಲವರು, ಮೊಗವೀರರು, ಕರಾವಳಿಯ ಜೈನರು ತಲೆಮಾರುಗಳ ಕಾಲ ನಡೆಸಿಕೊಂಡು ಬಂದದ್ದು ಅಳಿಯಕಟ್ಟು. ಕುಟುಂಬವೆಂದರೆ ಒಬ್ಬ ಮೂಲ ಸ್ತ್ರೀಯ ಸಂತತಿ. ಆಸ್ತಿ ಹರಿಯುವುದು ಹೆಣ್ಣಿನ ದಾರಿಯಲ್ಲಿ. ಗಂಡಸು ಯಜಮಾನನಾಗಿ ಗದ್ದೆ ನೋಡಿಕೊಂಡರೂ ಅವನ ನಂತರ ಅದು ಅವನ ಮಕ್ಕಳಿಗೆ ಹೋಗುತ್ತಿರಲಿಲ್ಲ, ತಂಗಿಯ ಮಕ್ಕಳಿಗೆ ಹೋಗುತ್ತಿತ್ತು. ಬರಿ, ಅಂದರೆ ಗೋತ್ರದಂಥ ನಮ್ಮ ವಂಶದ ಗುರುತು, ಕೂಡ ತಾಯಿಯಿಂದಲೇ ಬರುತ್ತದೆ. ಹಾಗಾಗಿ ಅಕ್ಕತಂಗಿಯರ ಮಕ್ಕಳು ಒಂದೇ ಬರಿಯವರು, ಒಡಹುಟ್ಟಿದವರ ಲೆಕ್ಕ, ಅವರೊಳಗೆ ಮದುವೆ ಕೂಡದು. ಅಣ್ಣನ ಮಕ್ಕಳ ಬರಿ ಬೇರೆ, ಆದ್ದರಿಂದ ಸೋದರಮಾವನ ಮಗಳನ್ನು ತರಬಹುದು. ನಮ್ಮ ನಾಗಮೂಲಸ್ಥಾನ, ಕುಟುಂಬದ ದೈವ ಎಲ್ಲವೂ ಈ ಲೆಕ್ಕದ ಮೇಲೆಯೇ ನಿಂತಿವೆ. ಅಂದರೆ ನಮ್ಮಲ್ಲಿ ತಂಗಿ ತವರಿನಿಂದ ಹೊರಗೆ ಹೋದವಳಲ್ಲ, ತವರು ಮುಂದುವರಿಯುವುದೇ ಅವಳಿಂದ.

ನಮ್ಮೂರು ಬಾರ್ಕೂರಿಗೆ ಸೇರಿದ ಭೂತಾಳ ಪಾಂಡ್ಯನ ಐತಿಹ್ಯವಿದೆ. ಕುಂಡೋದರನೆಂಬ ಭೂತ ನರಬಲಿ ಕೇಳಿತು. ಅರಸು ದೇವಪಾಂಡ್ಯನ ಹೆಂಡತಿ ತನ್ನ ಗಂಡುಮಕ್ಕಳಲ್ಲಿ ಒಬ್ಬನನ್ನೂ ಕೊಡಲು ಒಪ್ಪಲಿಲ್ಲ. ಅರಸನ ತಂಗಿ ಸತ್ಯವತಿ ತನ್ನ ಮಗ ಜಯಪಾಂಡ್ಯನನ್ನು ಕರೆತಂದು ನಿಲ್ಲಿಸಿದಳು. ಭೂತ ಹುಡುಗನನ್ನು ಉಳಿಸಿ ರಾಜ್ಯವನ್ನೇ ಅವನಿಗೆ ಕೊಡಿಸಿತು. ಅಂದಿನಿಂದ ಆಸ್ತಿ ಅಳಿಯನಿಗೆ ಎಂಬ ಕಟ್ಟು ಆಯಿತಂತೆ. ಇತಿಹಾಸವೆಂದು ಇದನ್ನು ಹೇಳುತ್ತಿಲ್ಲ, ಕಥೆಯೆಂದೇ ಹೇಳುತ್ತೇನೆ. ಆದರೆ ಒಂದು ಸಮಾಜ ತನ್ನ ಕಟ್ಟಳೆಯ ಮೂಲಕ್ಕೆ ಎಂಥ ಕಥೆಯನ್ನು ಆರಿಸಿಕೊಂಡಿತು ನೋಡಿ. ಕಷ್ಟಕಾಲದಲ್ಲಿ ಅಣ್ಣನ ಕೈ ಹಿಡಿದವಳು ತಂಗಿ, ಆದ್ದರಿಂದ ಹಕ್ಕು ಅವಳ ಸಂತತಿಗೆ.

ಅಳಿಯಕಟ್ಟನ್ನು ಹೊಗಳಿ ಮುಗಿಸುವ ಮನಸ್ಸೂ ನನಗಿಲ್ಲ. ಹಿರಿಯಳಾದ ಹೆಣ್ಣೂ ಯಜಮಾನಿಕೆ ಮಾಡಬಹುದಿತ್ತು, ಆದರೆ ಹೆಚ್ಚಿನ ಮನೆಗಳಲ್ಲಿ ಕಣಜದ ಬೀಗದ ಕೈ ಸೋದರಮಾವನ ಸೊಂಟದಲ್ಲಿಯೇ ಇತ್ತು. ತಂದೆ ತನ್ನ ಸ್ವಂತ ಮಕ್ಕಳಿಗೆ ಏನೂ ಬಿಟ್ಟುಹೋಗಲಾಗದ ನೋವೂ ಇತ್ತು. 1949ರ ಮದರಾಸು ಅಳಿಯಸಂತಾನ ಕಾಯಿದೆ ಕವರುಗಳಿಗೆ (ಕುಟುಂಬದೊಳಗೆ ಒಬ್ಬೊಬ್ಬ ಸ್ತ್ರೀಯ ಸಂತತಿಯ ಶಾಖೆಗಳಿಗೆ) ಪಾಲು ಕೇಳುವ ಹಕ್ಕು ಕೊಟ್ಟಿತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಬಂದ ಮೇಲೆ ಹಳೆಯ ಕಟ್ಟು ಕರಗುತ್ತ ಬಂತು. ಈ ಬದಲಾವಣೆಯಲ್ಲಿ ನಮ್ಮವರು ಒಂದು ವಿಚಿತ್ರ ಮಾಡಿದರು. ಆಸ್ತಿ ಗಂಡುಮಕ್ಕಳಿಗೆ ಎಂಬುದನ್ನು ತಂದೆಯ ದಾರಿಯಲ್ಲಿ ಆಸ್ತಿ ಹರಿಯುವ ಮಕ್ಕಳಕಟ್ಟಿನಿಂದ ತೆಗೆದುಕೊಂಡರು. ನಾಗ, ದೈವ, ಕುಟುಂಬದ ಖರ್ಚಿಗೆ ಹೆಣ್ಣುಮಕ್ಕಳೂ ಹಣ ಕೊಡಬೇಕು ಎಂಬುದನ್ನು ಮಾತ್ರ ಅಳಿಯಕಟ್ಟಿನಿಂದ ಉಳಿಸಿಕೊಂಡರು. ನಿಮ್ಮ ಹಿರಿಯರು ದೈವಕ್ಕೆ ನಡೆಸುವ ಕೋಲದ ವಂತಿಗೆಗೆ ನಿಮ್ಮನ್ನು ಕೇಳುವುದಿಲ್ಲವೇ?

ಕಾಪುವಿನ ಮಗಳು

ಕೇಳುತ್ತಾರೆ. ಪ್ರತಿ ಸಲವೂ ಕೊಟ್ಟಿದ್ದೇನೆ. ತಂಗಿಯೂ ಕೊಡುತ್ತಾಳೆ.

ಹಿರಿಯಡ್ಕದಿಂದ

ತುಳು ಪಾಡ್ದನದ ನಾಯಕಿ ಸಿರಿಯ ಕಥೆಯನ್ನು ಸೇರಿಸುತ್ತೇನೆ. ಅಜ್ಜ ಬಿರ್ಮು ಆಳ್ವರು ತೀರಿಕೊಂಡ ಮೇಲೆ ಸತ್ಯನಾಪುರದ ಅರಮನೆಯ ಹಕ್ಕಿನ ಪ್ರಶ್ನೆ ಬರುತ್ತದೆ. ಲಂಚ ತಿಂದ ನ್ಯಾಯಸಭೆ ಸಿರಿಯ ವಿರುದ್ಧ ತೀರ್ಪು ಕೊಡುತ್ತದೆ. ಅವಳು ಕೈಮುಗಿದು ಒಪ್ಪಿಕೊಂಡು ಹೋಗುವುದಿಲ್ಲ. ಸತ್ಯನಾಪುರ ಉರಿದುಹೋಗಲಿ ಎಂದು ಶಪಿಸಿ, ಗಂಡನಿಗೂ ಬರ (ವಿಚ್ಛೇದನ) ಹೇಳಿ, ಮಗುವಿನ ಜೊತೆ ಹೊರಡುತ್ತಾಳೆ. ನಂದಳಿಕೆ, ಕವತ್ತಾರು, ನಮ್ಮ ಹಿರಿಯಡ್ಕದ ಸಿರಿ ಜಾತ್ರೆಯಲ್ಲಿ ಹಿಂಗಾರ ಹಿಡಿದು ನಿಲ್ಲುವ ಹೆಂಗಸರು ಆವಾಹಿಸಿಕೊಳ್ಳುವುದು ಈ ಸಿರಿಯನ್ನು. ಹಕ್ಕು ಕೇಳಿದ ಹೆಣ್ಣಿಗೆ ಶಾಪ ತಟ್ಟಿದ ಪಾಡ್ದನ ನಾನು ಕೇಳಿಲ್ಲ, ಹಕ್ಕು ಕಸಿದ ಅರಮನೆಗೆ ತಟ್ಟಿದ್ದನ್ನು ಕೇಳಿದ್ದೇನೆ.

ಕಾರ್ಕಳದ ಓದುಗ

ಮಾಸ್ಟ್ರೇ, ಒಂದು ಸಣ್ಣ ಸೇರ್ಪಡೆ. ಕಾರ್ಕಳದ 42 ಅಡಿಯ ಬಾಹುಬಲಿ ಪ್ರತಿಷ್ಠೆಯಾದದ್ದು 1432ರಲ್ಲಿ, ವೀರಪಾಂಡ್ಯ ಭೈರರಸನ ಕಾಲದಲ್ಲಿ. ವೇಣೂರಿನದು 1604ರಲ್ಲಿ. ನಡುವೆ 172 ವರ್ಷ. ಒಬ್ಬನೇ ಶಿಲ್ಪಿ ಎರಡನ್ನೂ ಕಡೆಯಲಾರ. ಜೈನನಾಗಿ ನನಗೆ ಆ ಅರಸನ ಮೇಲಿನ ಆರೋಪ ಕೇಳಲು ಕಷ್ಟವಾಗುತ್ತದೆ, ಆದರೆ ಪಾಡ್ದನದ ಸತ್ಯ ಇಸವಿಯಲ್ಲಿಲ್ಲ ಎಂಬುದನ್ನು ಬಲ್ಲೆ.

ನಮ್ಮ ಪರಂಪರೆಯಲ್ಲಿಯೂ ಒಂದು ಪ್ರಸಂಗವಿದೆ. ಬಾಹುಬಲಿ ಅಣ್ಣ ಭರತನೊಡನೆ ನೆಲಕ್ಕಾಗಿ ಹೋರಾಡಿ, ಗೆದ್ದೂ ಬಿಟ್ಟು, ತಪಸ್ಸಿಗೆ ನಿಂತ. ಬಳ್ಳಿ ಹಬ್ಬಿದರೂ ಕೇವಲಜ್ಞಾನ ದೊರೆಯಲಿಲ್ಲ. ಶ್ವೇತಾಂಬರ ಸಂಪ್ರದಾಯದ ಪ್ರಕಾರ ಸೋದರಿಯರಾದ ಬ್ರಾಹ್ಮಿ, ಸುಂದರಿ ಬಂದು, ಆನೆಯ ಮೇಲಿಂದ ಇಳಿ ಅಣ್ಣ ಎಂದರು. ಆನೆಯೆಂದರೆ ಅವನ ಅಹಂಕಾರ. ಕರಾವಳಿಯವರಾದ ನಾವು ದಿಗಂಬರರು, ನಮ್ಮ ಪುರಾಣದಲ್ಲಿ ಆ ಶಲ್ಯ (ಮನಸ್ಸಿನೊಳಗಿನ ಮುಳ್ಳು) ಕಳೆಯುವುದು ಭರತ ಬಂದು ನಮಿಸಿದಾಗ. ಹಾಗಿದ್ದರೂ ಬ್ರಾಹ್ಮಿಗೆ ಲಿಪಿಯನ್ನೂ ಸುಂದರಿಗೆ ಅಂಕಿಯನ್ನೂ ತಂದೆ ವೃಷಭನಾಥ ಕಲಿಸಿದ ಎಂಬುದು ನಮ್ಮಲ್ಲಿಯೂ ಇದೆ. ಗಂಡುಮಕ್ಕಳಿಗೆ ರಾಜ್ಯ ಹಂಚಿದ ತಂದೆ ಹೆಣ್ಣುಮಕ್ಕಳನ್ನು ಬರಿಗೈಯಲ್ಲಿ ಬಿಡಲಿಲ್ಲ.

ಮೂಲ್ಕಿಯ ಅಣ್ಣ

ಎಲ್ಲರೂ ಒಂದೇ ಕಡೆ ವಾಲುತ್ತಿದ್ದೀರಿ. ನಾನೂ ಒಬ್ಬ ಅಣ್ಣ, ನನ್ನ ಮಾತನ್ನೂ ಕೇಳಿ.

ಇಬ್ಬರು ತಂಗಿಯರ ಮದುವೆಗೆ ನಾನು ಮಾಡಿದ ಸಾಲ ತೀರಿಸುವಷ್ಟರಲ್ಲಿ ನನ್ನ ತಲೆ ನರೆಯಿತು. ತಾಯಿಯನ್ನು ಆಸ್ಪತ್ರೆಗೆ ಹೊತ್ತುಕೊಂಡು ಓಡಾಡಿದವರು ನಾನು ಮತ್ತು ನನ್ನ ಹೆಂಡತಿ. ತಂಗಿಯರು ಬಂದರು, ಅತ್ತರು, ಹೋದರು. ನಾಗತಂಬಿಲ, ಚೌತಿ, ತಿಥಿ ಎಲ್ಲವೂ ನನ್ನ ಹೆಗಲಿನ ಮೇಲೆ. ಚೊಚ್ಚಲ ಹೆರಿಗೆ ನಮ್ಮ ಮನೆಯಲ್ಲಿ, ಮದುವೆಯ ನಂತರದ ಮೊದಲ ಆಟಿ ತಿಂಗಳು ನಮ್ಮ ಮನೆಯಲ್ಲಿ. ಇದಕ್ಕೆಲ್ಲ ಬೆಲೆ ಇಲ್ಲವೇ? ಸೆಂಟ್ಸಿಗೆ ಲಕ್ಷಗಟ್ಟಲೆ ಬೆಲೆ ಬಂದ ಮೇಲೆ ಎಲ್ಲರಿಗೂ ಕಾನೂನು ನೆನಪಾಗಿದೆ. ಪಾಲು ಹಂಚಿದ ಮನೆಗಳಲ್ಲಿ ಅಣ್ಣತಂಗಿಯರು ಮಾತು ಬಿಟ್ಟಿರುವುದನ್ನು ನಾನು ನೋಡಿದ್ದೇನೆ. ಆ ತಂಗಿಗೆ ಭೂಮಿ ಸಿಕ್ಕಿತು, ತವರು ಹೋಯಿತು. ದೈವದ ಹೆಸರಿನಲ್ಲಿ ಹೆದರಿಸಿದ್ದು ತಪ್ಪು, ಅದನ್ನು ಒಪ್ಪುತ್ತೇನೆ. ಆದರೆ ಬಿಟ್ಟುಕೊಡುವುದೂ ಧರ್ಮವೇ ಅಲ್ಲವೇ?

ಬಂದರಿನ ಬ್ಯಾರಿ

ಮೂಲ್ಕಿಯ ಅಣ್ಣನವರೇ, ಬಿಟ್ಟುಕೊಡುವುದು ಧರ್ಮ, ನಿಜ. ಆದರೆ ಮೊದಲು ಕೈಗೆ ಬರಬೇಕು, ಆಮೇಲೆ ಬಿಡಬೇಕು. ಕೈಗೆ ಕೊಡದೆ ಬಿಡು ಎನ್ನುವುದನ್ನು ದಾನವೆನ್ನಲು ನನಗೆ ಬಾಯಿ ಬರುವುದಿಲ್ಲ.

ನಮ್ಮಲ್ಲಿ ಈ ವಿಷಯ ಊಹೆಗೆ ಬಿಟ್ಟದ್ದಲ್ಲ. ಕುರ್‌ಆನಿನ ನಾಲ್ಕನೆಯ ಅಧ್ಯಾಯ ಅನ್ನಿಸಾದ ಏಳನೆಯ ವಚನ, ತಂದೆತಾಯಿ ಬಿಟ್ಟುಹೋದದ್ದರಲ್ಲಿ ಪುರುಷರಿಗೂ ಪಾಲಿದೆ, ಸ್ತ್ರೀಯರಿಗೂ ಪಾಲಿದೆ, ಅದು ಕಡಿಮೆಯಿರಲಿ ಹೆಚ್ಚಿರಲಿ, ಕಡ್ಡಾಯ ಎನ್ನುತ್ತದೆ. ಹನ್ನೊಂದನೆಯ ವಚನದಲ್ಲಿ ಮಗನಿಗೆ ಎರಡು, ಮಗಳಿಗೆ ಒಂದು ಎಂಬ ಲೆಕ್ಕ ಬರುತ್ತದೆ. ಇದನ್ನು ಮುಚ್ಚಿಡುವುದಿಲ್ಲ. ಹೆಂಡತಿ ಮಕ್ಕಳನ್ನು ಸಾಕುವ ಹೊಣೆ ಗಂಡಸಿನ ಮೇಲಿದೆ, ಹೆಣ್ಣಿನ ಪಾಲು ಅವಳ ಸ್ವಂತದ್ದು ಎಂಬುದು ನಮ್ಮ ಪಂಡಿತರು ಕೊಡುವ ಕಾರಣ. ತಾಯಿ ಒಬ್ಬಳೇ, ತಂದೆ ಬೇರೆಯಾದ ಸೋದರ ಸೋದರಿಯರಿಗೆ ಹನ್ನೆರಡನೆಯ ವಚನ ಸಮಪಾಲನ್ನೇ ಹೇಳುತ್ತದೆ. ಇವೆಲ್ಲ ಅಲ್ಲಾಹನು ಹಾಕಿದ ಎಲ್ಲೆಗಳು, ಮೀರಿದವನಿಗೆ ನರಕ ಎಂದು ಹದಿಮೂರು, ಹದಿನಾಲ್ಕನೆಯ ವಚನಗಳು ಹೇಳುತ್ತವೆ. ನಮಾಝ್ ತಪ್ಪಿಸದ, ಉಪವಾಸ ಬಿಡದ ಮನೆಗಳಲ್ಲಿಯೂ ತಂಗಿಯ ಆ ಒಂದು ಪಾಲು ಸಿಗದೆ ಹೋಗುವುದನ್ನು ನಾನು ಕಂಡಿದ್ದೇನೆ. ವರದಕ್ಷಿಣೆ ಕೊಟ್ಟಿದ್ದೇವಲ್ಲ ಎಂದು ಉತ್ತರ ಬರುತ್ತದೆ. ವರದಕ್ಷಿಣೆ ನಮ್ಮ ದೀನಿನಲ್ಲಿಯೇ ಇಲ್ಲ. ಇಲ್ಲದ್ದನ್ನು ಕೊಟ್ಟು ಇರುವುದನ್ನು ಕಳೆಯುವುದು ಯಾವ ಲೆಕ್ಕ?

ಆದರೆ ಆಸ್ತಿಯ ಮಾತೇ ಎಲ್ಲವೂ ಆಗಬಾರದು. ಪ್ರವಾದಿಯವರ ಸಂಗಡಿಗ ಜಾಬಿರ್ ಅವರ ತಂದೆ ಉಹುದ್ ಯುದ್ಧದಲ್ಲಿ ಹುತಾತ್ಮರಾದಾಗ ಮನೆಯಲ್ಲಿ ಚಿಕ್ಕ ತಂಗಿಯರು ಉಳಿದರು. ಜಾಬಿರ್ ಹರೆಯದ ಹುಡುಗಿಯನ್ನು ಬಿಟ್ಟು, ಮೊದಲೇ ಮದುವೆಯಾಗಿದ್ದ ಪ್ರೌಢ ಹೆಣ್ಣನ್ನು ವರಿಸಿದರು. ಏಕೆಂದು ಪ್ರವಾದಿಯವರು ಕೇಳಿದಾಗ, ತಂಗಿಯರ ತಲೆ ಬಾಚಿ ಅವರನ್ನು ನೋಡಿಕೊಳ್ಳುವವರು ಬೇಕಿತ್ತು ಎಂದರು. ಪ್ರವಾದಿಯವರು ಮೆಚ್ಚಿದರು. ಹುನೈನ್ ಯುದ್ಧದ ನಂತರ ಸೆರೆಸಿಕ್ಕವರಲ್ಲಿ ಒಬ್ಬಾಕೆ, ನಾನು ನಿಮ್ಮ ಹಾಲುಸೋದರಿ ಶೈಮಾ ಎಂದಾಗ, ತಮ್ಮ ಮೇಲುಹೊದಿಕೆಯನ್ನೇ ಹಾಸಿ ಕೂರಿಸಿದರು ಎಂದು ಚರಿತ್ರೆಕಾರರು ಬರೆಯುತ್ತಾರೆ. ಒಬ್ಬಳೇ ತಾಯಿಯ ಹಾಲು ಕುಡಿದದ್ದಕ್ಕೆ ಅಷ್ಟು ಗೌರವ. ಮೂವರು ಹೆಣ್ಣುಮಕ್ಕಳನ್ನು ಅಥವಾ ಮೂವರು ಸೋದರಿಯರನ್ನು ದೇವಭಯದಿಂದ ಚೆನ್ನಾಗಿ ನೋಡಿಕೊಂಡವನಿಗೆ ಸ್ವರ್ಗ ಎಂಬ ಹದೀಸ್ ಇದೆ. ನಿಮ್ಮ ತಂಗಿಯರ ಮದುವೆಯ ಸಾಲ ತೀರಿಸಿದ ನಿಮ್ಮ ಬದುಕನ್ನು ನಾನು ಆ ಮಾತಿನಲ್ಲಿ ಕಾಣುತ್ತೇನೆ, ಇದನ್ನು ಮನಸಾರೆ ಹೇಳುತ್ತಿದ್ದೇನೆ. ಆ ಪುಣ್ಯವನ್ನು ಪಾಲಿಗೆ ವಜಾ ಹಾಕಬೇಡಿ.

ರಥಬೀದಿಯ ಪುರೋಹಿತ

ಮನುಸ್ಮೃತಿಯ ಹೆಸರು ಹೇಳಿ ಹೆಣ್ಣುಮಕ್ಕಳ ಬಾಯಿ ಮುಚ್ಚಿಸುವವರು ಇರುವುದರಿಂದ ಮೂಲವನ್ನೇ ನೋಡೋಣ. ನನಗೆ ಅನನುಕೂಲವಾದದ್ದನ್ನೂ ಹೇಳುತ್ತೇನೆ.

ಋಗ್ವೇದದ ಮೂರನೆಯ ಮಂಡಲದಲ್ಲಿ, ಮಗನು ಸೋದರಿಗೆ ಆಸ್ತಿ ಬಿಡಲಿಲ್ಲ ಎಂಬರ್ಥದ ಮಂತ್ರವೊಂದಿದೆ. ಪಾಲು ಕೊಡದವರ ಕೈಯ ಆಯುಧ ಅದು. ಆದರೆ ಯಾಸ್ಕರು ನಿರುಕ್ತದಲ್ಲಿ ಈ ಪ್ರಶ್ನೆಯನ್ನೇ ಎತ್ತಿಕೊಂಡು, ಮಗ ಮಗಳಿಬ್ಬರೂ ದಾಯಕ್ಕೆ ಹಕ್ಕುಳ್ಳವರು ಎಂಬವರ ಪಕ್ಷವನ್ನೂ ಇಲ್ಲವೆಂಬವರ ಪಕ್ಷವನ್ನೂ ಮುಂದಿಡುತ್ತಾರೆ. ಅಷ್ಟು ಹಿಂದೆಯೇ ಈ ವಾದ ನಡೆದಿತ್ತು ಎಂದಾಯಿತು.

ಮನು ಒಂಬತ್ತನೆಯ ಅಧ್ಯಾಯದಲ್ಲಿ, ಸೋದರರು ತಮ್ಮ ತಮ್ಮ ಪಾಲಿನಿಂದ ನಾಲ್ಕನೆಯ ಒಂದು ಭಾಗವನ್ನು ಕನ್ಯೆಯರಾದ ಸೋದರಿಯರಿಗೆ ಕೊಡಬೇಕು, ಕೊಡಲೊಲ್ಲದವರು ಪತಿತರು ಎನ್ನುತ್ತಾನೆ. ಯಾಜ್ಞವಲ್ಕ್ಯನೂ ನಾಲ್ಕನೆಯ ಒಂದು ಭಾಗವನ್ನೇ ಹೇಳುತ್ತಾನೆ. ಇದರ ಅರ್ಥ ಮದುವೆಯ ಖರ್ಚು ಕೊಟ್ಟರೆ ಸಾಕು ಎಂದು ಭಾರುಚಿ ವಾದಿಸಿದ. ಅದನ್ನು ತಳ್ಳಿಹಾಕಿದವನು ನಮ್ಮ ಕನ್ನಡನಾಡಿನ ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಮಿತಾಕ್ಷರಾ ಬರೆದ ವಿಜ್ಞಾನೇಶ್ವರ. ಅವನು ಲೆಕ್ಕವನ್ನೇ ಹಾಕಿ ತೋರಿಸುತ್ತಾನೆ. ಒಬ್ಬ ಅಣ್ಣ, ಇಬ್ಬರು ತಂಗಿಯರಿದ್ದರೆ ಆಸ್ತಿಯನ್ನು ಮೂರು ಮಾಡಿ, ಅದರಲ್ಲಿ ಒಂದನ್ನು ನಾಲ್ಕು ಮಾಡಿ, ಇಬ್ಬರಿಗೂ ಒಂದೊಂದು ತುಂಡು ಕೊಟ್ಟು ಉಳಿದದ್ದನ್ನು ಅಣ್ಣ ಇಟ್ಟುಕೊಳ್ಳಲಿ ಎನ್ನುತ್ತಾನೆ. ನಿಮ್ಮ ಮನೆಯ ಲೆಕ್ಕವೂ ಅದೇ. ತಲಾ ಹನ್ನೆರಡರಲ್ಲಿ ಒಂದು. ಇದು ಮದುವೆಯಾಗದವರಿಗೆ ಹೇಳಿದ್ದು, ಇಂದಿನ ಸಮಪಾಲಿನ ಮುಂದೆ ತೀರ ಸಣ್ಣದು. ಆದರೂ ಪಾಲು ಎಂದೇ ಕರೆದಿದ್ದಾನೆ, ಉಡುಗೊರೆ ಎಂದಿಲ್ಲ. ಮಿತಾಕ್ಷರಾ ನಮ್ಮದು ಎಂದು ಹೆಮ್ಮೆಪಡುವವರು ಈ ಪುಟವನ್ನೂ ಓದಬೇಕು.

ಮನುವಿನ ಇನ್ನೆರಡು ಮಾತು ನನಗೆ ಮುಖ್ಯ. ಅಕ್ಕನನ್ನು ತಾಯಿಯಂತೆ ಕಾಣಬೇಕು ಎನ್ನುತ್ತದೆ ಒಂದು. ಮನೆಯ ಹೆಣ್ಣುಮಕ್ಕಳು ದುಃಖಿಸಿದ ಕುಲ ಬೇಗನೆ ನಾಶವಾಗುತ್ತದೆ ಎನ್ನುತ್ತದೆ ಇನ್ನೊಂದು. ಕುಲಕ್ಕೆ ಶಾಪ ಬರುವುದು ಎಲ್ಲಿಂದ ಎಂದು ನಿಮ್ಮ ಹಿರಿಯರಿಗೆ ಇದನ್ನು ತೋರಿಸಬಹುದು.

ಮೂಲ್ಕಿಯವರಿಗೆ ಒಂದು ಮಾತು. ನಮ್ಮ ವಿವಾಹವಿಧಿಯಲ್ಲಿ ಲಾಜಾಹೋಮವಿದೆ. ವಧುವಿನ ಬೊಗಸೆಗೆ ಅರಳು ಸುರಿಯುವವನು ಅವಳ ಸೋದರ, ಅವನಿಲ್ಲದಿದ್ದರೆ ಸೋದರಸ್ಥಾನದಲ್ಲಿ ನಿಲ್ಲುವ ಇನ್ನೊಬ್ಬ. ಕನ್ಯಾದಾನ ಮುಗಿದ ಮೇಲೆಯೂ ಅವನನ್ನು ಕರೆದು ನಿಲ್ಲಿಸುತ್ತೇವೆ. ಕಾರ್ತಿಕ ಶುದ್ಧ ಬಿದಿಗೆಯ ಯಮದ್ವಿತೀಯೆಯಂದು ಯಮನೇ ತಂಗಿ ಯಮುನೆಯ ಮನೆಗೆ ಹೋಗಿ ಉಂಡ. ಅಂದು ಸೋದರಿಯ ಮನೆಯಲ್ಲಿ ಉಂಡು ಅವಳಿಗೆ ವಸ್ತ್ರಾಭರಣ ಕೊಡಬೇಕು ಎಂಬುದು ವಿಧಿ. ಕೊಂಕಣಿಗರ ಮನೆಗಳಲ್ಲಿ ಇದು ಚೆನ್ನಾಗಿ ನಡೆಯುತ್ತದೆ, ಉಳಿದವರು ಪಂಚಾಂಗದಲ್ಲಿ ನೋಡಿ ಪುಟ ತಿರುಗಿಸುತ್ತೇವೆ. ತಂಗಿಯನ್ನು ಕರೆಸಿಕೊಳ್ಳುವ ವಿಧಿಗಳು ಬೇಕಾದಷ್ಟಿವೆ, ಇಲ್ಲಿ ಶಾಸ್ತ್ರ ಅಣ್ಣನನ್ನು ಅವಳ ಬಾಗಿಲಿಗೆ ಕಳುಹಿಸುತ್ತದೆ.

ಅಷ್ಟಮಿಗೆ ಕೃಷ್ಣಮಠದಲ್ಲಿ ಅರ್ಘ್ಯ ಕೊಡುವಾಗ ನನಗೆ ಕಂಸ ನೆನಪಾಗುತ್ತಾನೆ. ಅವನು ಮೊದಲಿನಿಂದಲೂ ಕ್ರೂರ ಅಣ್ಣನಾಗಿರಲಿಲ್ಲ. ತಂಗಿಯ ಮದುವೆಯ ರಥದ ಲಗಾಮನ್ನು ಪ್ರೀತಿಯಿಂದ ತಾನೇ ಹಿಡಿದಿದ್ದ ಎಂದು ಭಾಗವತ ಹೇಳುತ್ತದೆ. ಅವಳ ಮಗುವಿನಿಂದ ತನ್ನದು ಹೋಗುತ್ತದೆ ಎಂಬ ಭಯ ಹುಟ್ಟಿದ ಗಳಿಗೆಯಲ್ಲಿ ಅದೇ ಕೈ ಅವಳ ಜಡೆ ಹಿಡಿಯಿತು. ಮೂಲ್ಕಿಯವರನ್ನು ಕುರಿತು ಹೇಳುತ್ತಿಲ್ಲ, ತಪ್ಪು ತಿಳಿಯಬೇಡಿ. ಒಳ್ಳೆಯ ಅಣ್ಣನ ಮನಸ್ಸಿನಲ್ಲಿಯೂ ಆ ಭಯ ಬರಬಹುದು ಎಂದು ಭಾಗವತಕ್ಕೆ ಗೊತ್ತಿತ್ತು.

ಮೂಲ್ಕಿಯ ಅಣ್ಣ

ಭಟ್ರೇ, ತಪ್ಪು ತಿಳಿಯಲಿಲ್ಲ. ಬ್ಯಾರಿಯವರ ಮಾತು ನನಗೆ ನಾಟಿತು. ಆದರೂ ಕೇಳುತ್ತೇನೆ. ನೋಡಿಕೊಂಡವರ ಶ್ರಮಕ್ಕೆ ಧರ್ಮದಲ್ಲಿ ಯಾವ ಲೆಕ್ಕವೂ ಇಲ್ಲವೇ? ನನ್ನ ಹೆಂಡತಿ ಅತ್ತೆಯ ಮಲಮೂತ್ರ ಬಳಿದಳು. ಅವಳಿಗೆ ಶಾಸ್ತ್ರದಲ್ಲಿಯೂ ಪಾಲಿಲ್ಲ, ಕಾನೂನಿನಲ್ಲಿಯೂ ಪಾಲಿಲ್ಲ.

ಬೆಂದೂರಿನಿಂದ

ಈ ಪ್ರಶ್ನೆಯನ್ನು ಯಾರಾದರೂ ಎತ್ತಲಿ ಎಂದು ಕಾಯುತ್ತಿದ್ದೆ. ನಾನು ಕಥೊಲಿಕ್, ಮೂವರು ಅಣ್ಣಂದಿರ ತಂಗಿ, ಒಬ್ಬರ ಮನೆಗೆ ಅತ್ತಿಗೆ ಕೂಡ. ಹಾಗಾಗಿ ಎರಡೂ ಕಡೆಯ ಮಾತು ಗೊತ್ತು.

ನಮಗೆ ಭಾರತೀಯ ಉತ್ತರಾಧಿಕಾರ ಕಾಯಿದೆ, 1925. ಗಂಡು ಹೆಣ್ಣು ಎಂಬ ಭೇದವಿಲ್ಲದೆ ಮಕ್ಕಳಿಗೆಲ್ಲ ಸಮಪಾಲು. ಕಾಗದದಲ್ಲಿ ಇಷ್ಟು ಚೆನ್ನಾಗಿದ್ದರೂ, ಮದುವೆಗೆ ಬಂಗಾರ ಕೊಟ್ಟಿದ್ದೇವೆ ಎಂಬ ಕಾರಣಕ್ಕೆ ಸಹಿ ಹಾಕಿಬಂದ ಅಕ್ಕತಂಗಿಯರು ನಮ್ಮಲ್ಲಿಯೂ ಇದ್ದಾರೆ. ಬೈಬಲಿನ ಸಂಖ್ಯಾಕಾಂಡದಲ್ಲಿ ಚಲ್ಪಹಾದನ ಹೆಣ್ಣುಮಕ್ಕಳು ಮೋಶೆಯ ಮುಂದೆ, ಇಡೀ ಸಭೆಯ ಮುಂದೆ ನಿಂತು ತಂದೆಯ ಆಸ್ತಿ ಕೇಳುತ್ತಾರೆ. ಅವರು ಹೇಳುವುದು ನ್ಯಾಯ ಎಂದು ದೇವರೇ ಹೇಳುತ್ತಾನೆ. ಅವರಿಗೆ ಅಣ್ಣತಮ್ಮಂದಿರು ಇರಲಿಲ್ಲ, ಇದ್ದಿದ್ದರೆ ಆ ಕಾಲದಲ್ಲಿ ಸಿಗುತ್ತಿರಲಿಲ್ಲ. ಆದರೆ ಕೇಳಿದ್ದು ಪಾಪವಾಗಲಿಲ್ಲ.

ಮೂಲ್ಕಿಯ ಅಣ್ಣನವರೇ, ನಿಮ್ಮ ಹೆಂಡತಿಯ ವಿಷಯ. ಬೆಥಾನಿಯ ಲಾಜರನಿಗೆ ಮಾರ್ತಾ, ಮರಿಯಾ ಎಂಬ ಇಬ್ಬರು ಸೋದರಿಯರು. ಅಡುಗೆ, ಉಪಚಾರ ಎಲ್ಲ ಮಾರ್ತಾಳ ತಲೆಯ ಮೇಲೆ. ಲಾಜರ ಸತ್ತಾಗ, ನೀನು ಇಲ್ಲಿದ್ದಿದ್ದರೆ ನನ್ನ ತಮ್ಮ ಸಾಯುತ್ತಿರಲಿಲ್ಲ ಎಂದು ಯೇಸುವಿಗೆ ಎದುರಾಗಿ ಮೊದಲು ಹೇಳಿದವಳೂ ಅವಳೇ. ಮರಿಯಾಳೂ ಅದನ್ನೇ ಹೇಳಿ ಅತ್ತಾಗ ಯೇಸು ಅಲ್ಲಿ ಕಣ್ಣೀರು ಹಾಕಿದ. ಮನೆಯಲ್ಲಿ ದುಡಿದ ಹೆಣ್ಣಿನ ದೂರನ್ನು ದೇವರು ನಿಂತು ಕೇಳಿದ ಪ್ರಸಂಗವೆಂದು ನಾನು ಅದನ್ನು ಓದುತ್ತೇನೆ. ನಿಮ್ಮ ಹೆಂಡತಿಯ ಶ್ರಮಕ್ಕೆ ಬೆಲೆ ಬೇಕು. ಅದನ್ನು ಬಾಯಿಬಿಟ್ಟು ಹೇಳಿ, ತಂಗಿಯರ ಎದುರು ಕುಳಿತು ಲೆಕ್ಕ ಹಾಕಿ, ಅವರಿಂದ ಕೇಳಿ ಪಡೆಯಿರಿ. ನಮ್ಮ ತಾಯಿ ಹೋದಾಗ ನಾವು ಹಾಗೆ ಮಾಡಿದೆವು. ಕೊನೆಯ ವರ್ಷಗಳಲ್ಲಿ ನೋಡಿಕೊಂಡ ದೊಡ್ಡ ಅತ್ತಿಗೆಯ ಹೆಸರಿಗೆ ಮೊದಲು ಒಂದು ಮೊತ್ತ ತೆಗೆದಿಟ್ಟು, ಉಳಿದದ್ದನ್ನು ನಾಲ್ಕು ಪಾಲು ಮಾಡಿದೆವು. ಆ ಮೊತ್ತವನ್ನು ಸೂಚಿಸಿದವಳು ನಾನು, ತಂಗಿ. ಅತ್ತಿಗೆ ಅತ್ತದ್ದು ಹಣಕ್ಕಲ್ಲ, ತನ್ನ ಶ್ರಮವನ್ನು ನಾವು ಕಂಡದ್ದಕ್ಕೆ. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಹೊಸ ತೆನೆಯ ಅಕ್ಕಿಯನ್ನು ಹಾಲಿಗೆ ಹಾಕಿ ಹಿರಿಯರು ಎಲ್ಲರಿಗೂ ಹಂಚುವಾಗ, ಗಲ್ಫ್‌ನಲ್ಲಿರುವ ಮಕ್ಕಳಿಗೂ ಕಾಳು ಕಳುಹಿಸುತ್ತೇವೆ. ಬಿಟ್ಟುಹೋದವರೆಂದು ಯಾರ ಪಾಲನ್ನೂ ಕಳೆಯುವುದಿಲ್ಲ.

ಬಾರ್ಕೂರಿನ ಮಾಸ್ಟ್ರು

ಬೆಂದೂರಿನವರು ಹೇಳಿದ್ದು ನನಗೆ ಹಿಡಿಸಿತು. ಸೇವೆಯ ಋಣವೂ ಪಾಲಿನ ಹಕ್ಕೂ ಬೇರೆ ಬೇರೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಿದ್ದರಿಂದಲೇ ನಮ್ಮ ಮನೆಗಳಲ್ಲಿ ಇಷ್ಟು ಜಗಳ.

ಕುಂದಾಪುರದ ವಕೀಲೆ

ಧರ್ಮದ ಮಾತಿನ ನಡುವೆ ಕಾನೂನು ತರುತ್ತಿದ್ದೇನೆ, ಏಕೆಂದರೆ ಇಲ್ಲಿ ಒಂದು ಅವಸರವಿದೆ. ಅಕ್ಕ, ಯಾವ ಪತ್ರಕ್ಕೂ ಈಗ ಸಹಿ ಹಾಕಬೇಡಿ.

ನಿಮ್ಮ ತಂದೆಯ ಆಸ್ತಿ ಸ್ವಯಾರ್ಜಿತ, ಉಯಿಲಿಲ್ಲ. ಇದಕ್ಕೆ ಹಿಂದೂ ಉತ್ತರಾಧಿಕಾರ ಕಾಯಿದೆಯ 2005ರ ತಿದ್ದುಪಡಿಯೇ ಬೇಕಿಲ್ಲ. 1956ರಿಂದಲೂ ಇಂಥ ಆಸ್ತಿಯಲ್ಲಿ ಮಗನಿಗೂ ಮಗಳಿಗೂ ಸಮಪಾಲು, ಮದುವೆಯಾಗಿರಲಿ ಬಿಡಲಿ. ನಿಮ್ಮ ಮೂವರಿಗೂ ಮೂರರಲ್ಲಿ ಒಂದೊಂದು. ಹಿಂದೆ, ಕುಟುಂಬ ವಾಸಿಸುವ ಮನೆಯನ್ನು ಗಂಡುಮಕ್ಕಳು ಪಾಲು ಮಾಡಿಕೊಳ್ಳುವವರೆಗೆ ಹೆಣ್ಣುಮಕ್ಕಳು ಅದರಲ್ಲಿ ಪಾಲು ಕೇಳುವಂತಿರಲಿಲ್ಲ. 2005ರಲ್ಲಿ ಆ 23ನೆಯ ಕಲಮನ್ನು ತೆಗೆದುಹಾಕಿದರು. ಪಿತ್ರಾರ್ಜಿತ ಅವಿಭಕ್ತ ಆಸ್ತಿಯ ವಿಷಯ ಬೇರೆ. ಅಲ್ಲಿ 2005ರ ತಿದ್ದುಪಡಿ ಮಗಳಿಗೆ ಹುಟ್ಟಿನಿಂದಲೇ ಹಕ್ಕು ಕೊಟ್ಟಿತು. ತಿದ್ದುಪಡಿ ಜಾರಿಗೆ ಬಂದ ದಿನ ತಂದೆ ಬದುಕಿರಬೇಕಾಗಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ವಿನೀತಾ ಶರ್ಮ ಪ್ರಕರಣದಲ್ಲಿ ಹೇಳಿತು.

ಹಕ್ಕು ಬಿಡುಗಡೆ ಪತ್ರ ನೋಂದಣಿಯಾಯಿತೆಂದರೆ ಅದನ್ನು ರದ್ದು ಮಾಡಿಸುವುದು ಬಹಳ ಕಷ್ಟ. ಮೋಸ ಅಥವಾ ಬಲವಂತ ನಡೆದದ್ದನ್ನು ನೀವೇ ಸಾಬೀತು ಮಾಡಬೇಕಾಗುತ್ತದೆ. ಸದ್ಯಕ್ಕೆ ಪೌತಿ ಖಾತೆಯನ್ನು (ತೀರಿಕೊಂಡವರ ಹೆಸರಿನ ಖಾತೆಯನ್ನು ವಾರಸುದಾರರಿಗೆ ಬದಲಿಸುವುದು) ಮೂವರ ಹೆಸರಿಗೂ ಜಂಟಿಯಾಗಿ ಮಾಡಿಸಿ. ವಂಶವೃಕ್ಷದಲ್ಲಿ ನಿಮ್ಮಿಬ್ಬರ ಹೆಸರು ಬಿಟ್ಟುಹೋಗಿಲ್ಲವೆಂದು ಕಣ್ಣಾರೆ ನೋಡಿ. ಒಂದು ವೇಳೆ ಪಹಣಿ ಈಗಾಗಲೇ ಅಣ್ಣನ ಹೆಸರಿಗೆ ಮಾತ್ರ ಬಂದಿದ್ದರೂ ನಿಮ್ಮ ಹಕ್ಕು ಹೋಗುವುದಿಲ್ಲ, ಪಹಣಿ ಕಂದಾಯದ ದಾಖಲೆಯಷ್ಟೆ.

ಕಾಪುವಿನ ಮಗಳು

ಎಲ್ಲರಿಗೂ ಋಣಿಯಾಗಿದ್ದೇನೆ. ತಂಗಿಗೂ ಇದನ್ನೆಲ್ಲ ಓದಿ ಹೇಳಿದೆ. ಅವಳು ನನಗಿಂತ ಹೆಚ್ಚು ಹೆದರಿದ್ದಳು. ಕಲ್ಲುರ್ಟಿಯ ಮಾತು ಕೇಳಿದ ಮೇಲೆ, ಅಗೆಲು ಕೊಡುವ ದಿನ ನಾವಿಬ್ಬರೂ ಮನೆಗೆ ಹೋಗೋಣ, ದೈವದ ಎದುರಿನಲ್ಲಿಯೇ ಅಣ್ಣನ ಹತ್ತಿರ ಮಾತನಾಡೋಣ ಎಂದಳು.

ನಾವು ಹೇಳಬೇಕೆಂದಿರುವುದು ಇಷ್ಟು. ಬಿಡುಗಡೆ ಪತ್ರಕ್ಕೆ ಸಹಿ ಹಾಕುವುದಿಲ್ಲ. ಮನೆ ಅಣ್ಣನಿಗೇ ಇರಲಿ, ಅವನು ಅಲ್ಲಿಯೇ ಬಾಳಿದವನು. ತಂದೆಯನ್ನು ನೋಡಿಕೊಂಡ ಅತ್ತಿಗೆಗೆ ತೋಟದಿಂದ ಒಂದು ಭಾಗವನ್ನು ಮೊದಲು ಬೇರೆ ತೆಗೆಯೋಣ. ಉಳಿದ ತೋಟ ಮೂವರಿಗೂ ಸಮವಾಗಿ. ದೈವದ ಚಾವಡಿ ಇರುವ ಜಾಗ ಯಾರ ಪಾಲಿಗೂ ಸೇರದೆ ಮೂವರ ಹೆಸರಿನಲ್ಲಿ ಉಳಿಯಲಿ, ಕೋಲದ ಖರ್ಚೂ ಮೂವರದ್ದು. ಅಣ್ಣ ಕೂಡಲೇ ಒಪ್ಪುತ್ತಾನೆ ಎಂಬ ಭ್ರಮೆ ನನಗಿಲ್ಲ. ಹಿರಿಯರ ಫೋನ್ ಮತ್ತೆ ಬರುತ್ತದೆ. ಆದರೆ ಆ ಮಾತಿಗೆ ಇನ್ನು ನಿದ್ದೆಗೆಡುವುದಿಲ್ಲ.

ವಕೀಲರಲ್ಲಿ ಒಂದು ಪ್ರಶ್ನೆ. ಹೀಗೆ ಹಂಚಿಕೊಂಡ ಮೇಲೆ ಮುಂದೆ ಯಾರಾದರೂ ತಮ್ಮ ಪಾಲನ್ನು ಹೊರಗಿನವರಿಗೆ ಮಾರಬಾರದು ಎಂದಿದ್ದರೆ?

ಕುಂದಾಪುರದ ವಕೀಲೆ

ಪಾಲಾಗುವ ಮೊದಲು ಒಬ್ಬ ವಾರಸುದಾರರು ತಮ್ಮ ಹಕ್ಕನ್ನು ಮಾರಲು ಹೊರಟರೆ, ಉಳಿದವರಿಗೆ ಅದನ್ನು ಮೊದಲು ಕೊಳ್ಳುವ ಹಕ್ಕನ್ನು ಕಾಯಿದೆಯ 22ನೆಯ ಕಲಂ ಕೊಡುತ್ತದೆ. ಪಾಲಾದ ಮೇಲೂ ಅದು ಬೇಕೆಂದಿದ್ದರೆ, ಮಾರುವುದಾದರೆ ಮೊದಲು ಒಡಹುಟ್ಟಿದವರಿಗೆ ಕೇಳಬೇಕು ಎಂಬ ಷರತ್ತನ್ನು ವಿಭಾಗ ಪತ್ರದಲ್ಲಿಯೇ ಬರೆಸಿ. ಚಾವಡಿಯ ಜಾಗಕ್ಕೆ ಹೋಗುವ ದಾರಿಯನ್ನೂ ನಕ್ಷೆಯಲ್ಲಿ ಗುರುತಿಸಿ ಅಳತೆ ಸಮೇತ ಸೇರಿಸಿ. ನಮ್ಮ ಕಡೆ ಹೆಚ್ಚಿನ ದಾವೆಗಳು ಹುಟ್ಟುವುದು ಆ ದಾರಿಯ ವಿಷಯದಲ್ಲಿಯೇ. ಅಣ್ಣ ಒಪ್ಪಿದರೆ ಮೂವರೂ ಒಟ್ಟಿಗೆ ಬನ್ನಿ, ಕರಡನ್ನು ಕನ್ನಡದಲ್ಲಿಯೇ ಬರೆಯೋಣ. ಅತ್ತಿಗೆಯನ್ನೂ ಕರೆದುಕೊಂಡು ಬನ್ನಿ.